ಮೀಟರ್ ಬೋರ್ಡಿನಲ್ಲಿ 214 ವೋಲ್ಟ್, ಮೋಟಾರಿನಲ್ಲಿ 141: ಭರಮಸಾಗರದ ಬಳಿಯ ಒಂದು ದನದ ಕೊಟ್ಟಿಗೆಯ ಪ್ರಕರಣ

ಚಿತ್ರದುರ್ಗ ತಾಲ್ಲೂಕಿನ ಭರಮಸಾಗರ ಹೋಬಳಿಯ ಒಂದು ಹೊಲದ ಮನೆ. ಮನೆಯಿಂದ 140 ಮೀಟರ್ ಆಚೆ ದನದ ಕೊಟ್ಟಿಗೆ, ಅದರ ಮಗ್ಗುಲಿಗೆ ತೆರೆದ ಬಾವಿ. ಬಾವಿಯೊಳಗೆ 1 ಎಚ್‌ಪಿಯ ಸಿಂಗಲ್ ಫೇಸ್ ಓಪನ್‌ವೆಲ್ ಮೋಟಾರು. ಕೊಟ್ಟಿಗೆಯ ಟ್ಯಾಂಕ್ ತುಂಬಿಸುವುದು, ಬಾನಿಗೆ ನೀರು ಬಿಡುವುದು, ದನ ತೊಳೆಯುವುದು ಎಲ್ಲವೂ ಅದರಿಂದಲೇ. ತೊಂದರೆ ಇಷ್ಟು: ಬೆಳಗಿನ ಹೊತ್ತು ಮೋಟಾರು ಹೇಗೋ ಎದ್ದು ಓಡುತ್ತದೆ. ಸಂಜೆ ಹಾಲು ಕರೆಯುವ ಹೊತ್ತಿಗೆ ಬಟನ್ ಒತ್ತಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ಸ್ವಲ್ಪ ಹೊತ್ತಿಗೆ ಪ್ಯಾನೆಲ್ಲಿನ ಓವರ್‌ಲೋಡ್ (ಮೋಟಾರಿನ ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸಾಧನ) ಬಿದ್ದುಹೋಗುತ್ತದೆ.

ಇದಕ್ಕಾಗಿ ಎರಡು ಸಲ, ಮೋಟಾರು ಏಳಲು ನೆರವಾಗುವ ಕೆಪಾಸಿಟರ್ ಬದಲಾಯಿಸಿದ್ದಾಗಿತ್ತು. ಒಂದು ಸಲ ಮೋಟಾರನ್ನು ಮೇಲೆತ್ತಿ ದಾವಣಗೆರೆಗೆ ಒಯ್ದು ವೈಂಡಿಂಗ್ ಮಾಡಿಸಿದ್ದೂ ಆಗಿತ್ತು. ಮುಂದಿನದು ಸ್ಟೆಬಿಲೈಸರ್ ಎಂದು ಮಾತಾಗಿತ್ತು. ಬಂದ ವೈರ್‌ಮನ್‌ಗಳೆಲ್ಲ ಪ್ಯಾನೆಲ್ ಬಾಗಿಲು ತೆಗೆದು, ಮೀಟರ್ ಇಟ್ಟು ನೋಡಿ ಹೇಳಿದ್ದು ಒಂದೇ ಮಾತು: "ಯಜಮಾನ್ರೇ, ಕರೆಂಟ್ ಫುಲ್ ಐತೆ ನೋಡ್ರಿ, 230 ತೋರಿಸ್ತೈತೆ. ಮೋಟ್ರೇ ಹೋಗೈತೆ."

ಮೀಟರ್ ತೋರಿಸಿದ ಅಂಕಿ ಸುಳ್ಳಲ್ಲ. ಮೋಟಾರು ನಿಂತಿದ್ದಾಗ ಅಳೆದು, ಅದನ್ನು ಓಡುವ ಮೋಟಾರಿಗೂ ಹಚ್ಚಿದ್ದರಲ್ಲಿ ಎಡವಟ್ಟಾಯಿತು.

ಸರ್ಕೀಟು ಹೀಗಿತ್ತು

ಬೆಸ್ಕಾಂ ಮೀಟರ್, ಅದರ ಪಕ್ಕದ ಬೋರ್ಡಿನಲ್ಲಿ 32 ಆಂಪಿನ ಎಂಸಿಬಿ (ತಂತಿಯ ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್). ಅಲ್ಲಿಂದ 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಜೋಡಿ ತಂತಿ ಸರ್ವೆ ಕಂಬಗಳ ಮೇಲೆ ಕೊಟ್ಟಿಗೆಯವರೆಗೆ. ಕೊಟ್ಟಿಗೆಯ ಗೋಡೆಗೆ ಆಂಪ್ ಮೀಟರ್ ಇರುವ ಸ್ಟಾರ್ಟರ್ ಪ್ಯಾನೆಲ್. ಪ್ಯಾನೆಲ್‌ನಿಂದ ಬಾವಿಗೆ ಹತ್ತು ಮೀಟರ್ ತಾಮ್ರದ ಫ್ಲಾಟ್ ಕೇಬಲ್. ಮೋಟಾರಿನ ನೇಮ್‌ಪ್ಲೇಟಿನಲ್ಲಿ 220 ವೋಲ್ಟ್, 7 ಆಂಪ್, ಓಡಬಲ್ಲ ಮಿತಿ 180ರಿಂದ 240 ವೋಲ್ಟ್ ಎಂದಿತ್ತು.

ಒಂದು ಮಾತನ್ನು ಇಲ್ಲೇ ಗಟ್ಟಿ ಮಾಡಿಕೊಳ್ಳಬೇಕು. ವೋಲ್ಟೇಜು ಒಂದು ತಂತಿಯಲ್ಲಿ "ಇರುವ" ವಸ್ತುವಲ್ಲ. ಅದು ಯಾವಾಗಲೂ ಎರಡು ಬಿಂದುಗಳ ನಡುವಿನ ಅಂತರ. ಮೀಟರಿಗೆ ಎರಡು ಕಡ್ಡಿ ಇರುವುದೇ ಅದಕ್ಕೆ. ಬೋರ್ಡಿನಿಂದ ಹೊರಟ ಅಂತರವನ್ನು ದಾರಿಯಲ್ಲಿರುವ ಪ್ರತಿಯೊಂದೂ ತನ್ನ ಪಾಲಿಗೆ ಹಂಚಿಕೊಳ್ಳುತ್ತದೆ: ಹೋಗುವ ತಂತಿ, ಮೋಟಾರು, ಮರಳುವ ತಂತಿ, ನಡುವಿನ ಜಾಯಿಂಟುಗಳು. ತಂತಿಯ ಪಾಲೆಷ್ಟು ಎಂದರೆ ಅದರಲ್ಲಿ ಹರಿಯುವ ಆಂಪನ್ನು ಅದರ ಓಮಿನಿಂದ, ಅಂದರೆ ಕರೆಂಟಿಗೆ ಅದು ಒಡ್ಡುವ ಅಡ್ಡಿಯಿಂದ, ಗುಣಿಸಿದಷ್ಟು. ಆಂಪು ಸೊನ್ನೆಯಾದರೆ ಪಾಲೂ ಸೊನ್ನೆ. ಮೋಟಾರು ನಿಂತಿರುವಾಗ 140 ಮೀಟರ್ ತಂತಿ ಏನನ್ನೂ ತಿನ್ನುವುದಿಲ್ಲ, ಹಾಗಾಗಿ ಪ್ಯಾನೆಲ್ಲಿನಲ್ಲಿ ಬೋರ್ಡಿನಷ್ಟೇ ಬರುತ್ತದೆ. ಡಿಜಿಟಲ್ ಮಲ್ಟಿಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲ. ಕೂದಲೆಳೆಯಷ್ಟು ಹಿಡಿದುಕೊಂಡಿರುವ ತಂತಿಯ ತುದಿಯಲ್ಲೂ ಅದು ಪೂರ್ತಿ 230 ತೋರಿಸುತ್ತದೆ.

ಟೆಸ್ಟರ್ ಇನ್ನೂ ಕಡೆ. ಅದರೊಳಗಿನ ನಿಯಾನ್ ದೀಪ ನೂರು ವೋಲ್ಟಿಗೂ ಹೊತ್ತುತ್ತದೆ, 230ಕ್ಕೂ ಹೊತ್ತುತ್ತದೆ. ಫೇಸ್ ಯಾವುದು ಎಂದು ಗುರುತಿಸಲು ಸಾಕು, ವೋಲ್ಟೇಜು ಸಾಲುತ್ತದೆಯೇ ಎಂದು ಹೇಳಲು ಬಾರದು.

ಓಡುವಾಗ ಅಳೆದ ಅಂಕಿಗಳು

ಬೆಳಿಗ್ಗೆ, ಮೋಟಾರು ಆಫ್ ಇದ್ದಾಗ ಬೋರ್ಡಿನಲ್ಲಿ 232, ಪ್ಯಾನೆಲ್ಲಿನಲ್ಲೂ 232. ಮೋಟಾರು ಓಡುವಾಗ ಬೋರ್ಡಿನಲ್ಲಿ 229, ಪ್ಯಾನೆಲ್ಲಿನಲ್ಲಿ 199. ತಂತಿಯ ಸುತ್ತ ಕಚ್ಚಿಸಿ ಆಂಪು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 7.4 ಆಂಪ್. ಮೂವತ್ತು ವೋಲ್ಟು ನಡುದಾರಿಯಲ್ಲೇ ಮಾಯ.

ಈ ಮೂವತ್ತರಲ್ಲಿ ತಂತಿಯ ನ್ಯಾಯವಾದ ಪಾಲೆಷ್ಟು? 2.5 ಚದರ ಮಿಲಿಮೀಟರ್ ಅಲ್ಯೂಮಿನಿಯಂ ತಂತಿಗೆ ಕಿಲೋಮೀಟರಿಗೆ 12.1 ಓಮ್, 20 ಡಿಗ್ರಿಯಲ್ಲಿ. ಕರೆಂಟು ಹೋಗಿ ಬರಬೇಕಾದ್ದರಿಂದ ಉದ್ದ 140 ಅಲ್ಲ, 280 ಮೀಟರ್. ಲೆಕ್ಕ ಹಾಕುವವರು ಹೆಚ್ಚಾಗಿ ಮರೆಯುವುದು ಇದನ್ನೇ. 0.28ನ್ನು 12.1ರಿಂದ ಗುಣಿಸಿದರೆ 3.39 ಓಮ್, ಅದನ್ನು 7.4 ಆಂಪಿಗೆ ಗುಣಿಸಿದರೆ 25 ವೋಲ್ಟ್. ಉಳಿದ 5 ವೋಲ್ಟಿಗೆ ತಂತಿ ಜವಾಬ್ದಾರಿಯಲ್ಲ. ಎಲ್ಲೋ ಒಂದು ಕಡೆ ಕಳ್ಳ ಕೂತಿದ್ದಾನೆ.

ಅವನು ಫೇಸಿನಲ್ಲಿದ್ದಾನೋ ನ್ಯೂಟ್ರಲ್ಲಿನಲ್ಲೋ ತಿಳಿಯಲು ಎರಡು ದಾರಿ ಇವೆ. ಮೊದಲನೆಯದು ಉದ್ದದ ತಂತಿಯದು. 1 ಚದರ ಮಿಲಿಮೀಟರಿನ 150 ಮೀಟರ್ ಬಿಡಿ ತಂತಿಯನ್ನು ನೆಲದ ಮೇಲೆ ಎಳೆದು, ಅದರ ಒಂದು ತುದಿಯನ್ನು ಬೋರ್ಡಿನ ನ್ಯೂಟ್ರಲ್ಲಿಗೆ ಕಟ್ಟಬೇಕು. ಇನ್ನೊಂದು ತುದಿಗೂ ಪ್ಯಾನೆಲ್ಲಿನ ನ್ಯೂಟ್ರಲ್ಲಿಗೂ ನಡುವೆ ಮೀಟರ್ ಇಟ್ಟು ಮೋಟಾರು ಚಾಲೂ ಮಾಡಬೇಕು. ಆಗ ಕಾಣುವುದು ನ್ಯೂಟ್ರಲ್ ತಂತಿಯೊಂದರ ತುದಿಯಿಂದ ತುದಿಗೆ ಇರುವ ವೋಲ್ಟೇಜು. ಬಿಡಿ ತಂತಿಯಲ್ಲಿ ಕರೆಂಟೇ ಹರಿಯದ ಕಾರಣ ಅದು ಎಷ್ಟು ಸಪೂರವಾಗಿದ್ದರೂ ಅಳತೆ ಕೆಡುವುದಿಲ್ಲ. ಆಮೇಲೆ ಎಂಸಿಬಿ ಇಳಿಸಿ, ಬಿಡಿ ತಂತಿಯನ್ನು 1 ಆಂಪಿನ ಫ್ಯೂಸ್ ಮೂಲಕ ಫೇಸಿಗೆ ಬದಲಿಸಿ ಇದನ್ನೇ ಮತ್ತೆ ಮಾಡಬೇಕು. ಈಗ ನೆಲದ ಮೇಲಿನ ಆ 150 ಮೀಟರೂ ಜೀವಂತ. ಮಕ್ಕಳು, ದನ, ನಾಯಿ ಆ ಕಡೆ ಸುಳಿಯದಂತೆ ಒಬ್ಬರು ನಿಂತಿರಬೇಕು. ನ್ಯೂಟ್ರಲ್ಲಿಗೆ ಕಟ್ಟಿದ್ದಾಗಲೂ ಅದನ್ನು ಜೀವಂತವೆಂದೇ ಎಣಿಸಬೇಕು.

ಇಲ್ಲಿ ಸಿಕ್ಕ ಅಂಕಿ: ಫೇಸ್ ತಂತಿಯಲ್ಲಿ 12.5 ವೋಲ್ಟ್, ನ್ಯೂಟ್ರಲ್ಲಿನಲ್ಲಿ 17.5. ಎರಡೂ ಒಂದೇ ಉದ್ದ, ಒಂದೇ ದಪ್ಪ, ಹರಿಯುವ ಆಂಪೂ ಒಂದೇ. ಬರಬೇಕಾದದ್ದೂ ಒಂದೇ ಆಗಿತ್ತು. ಹೆಚ್ಚಿನ 5 ವೋಲ್ಟ್ ನ್ಯೂಟ್ರಲ್ಲಿನದು.

ಎರಡನೆಯ ದಾರಿ ಇನ್ನೂ ಸುಲಭ. ಮೋಟಾರು ಓಡುವಾಗ ಪ್ಯಾನೆಲ್ಲಿನಲ್ಲೇ ನ್ಯೂಟ್ರಲ್‌ಗೂ ಅಲ್ಲಿನ ಅರ್ಥಿಂಗಿಗೂ ನಡುವೆ ಅಳೆಯುವುದು. ಇಲ್ಲಿ 18 ಬಂತು, ಉದ್ದದ ತಂತಿಯ ಅಂಕಿಗೆ ತೀರ ಹತ್ತಿರ. ಚಿತ್ರದುರ್ಗದ ಒಣ ನೆಲದಲ್ಲಿ ಅರ್ಥ್ ಪೈಪಿನ ರೆಸಿಸ್ಟೆನ್ಸ್ ಜಾಸ್ತಿ, ಈ ಅಳತೆ ನಂಬಬಹುದೇ ಎಂದು ಕೇಳುವವರುಂಟು. ಮೀಟರ್ ಕರೆಂಟು ಎಳೆಯದ ಕಾರಣ ಪೈಪು 5 ಓಮ್ ಇರಲಿ, 50 ಓಮ್ ಇರಲಿ, ಈ ಅಂಕಿ ಬದಲಾಗದು. ಆದರೆ ಅದೇ 50 ಓಮ್ ಶಾಕ್‌ನಿಂದ ಕಾಪಾಡುವ ಕೆಲಸಕ್ಕೆ ಬಾರದು, ಅದು ಬೇರೆ ವಿಚಾರ.

ಕಂಬಗಳ ಸಾಲಿನಲ್ಲಿ ನ್ಯೂಟ್ರಲ್ಲನ್ನು ಹಿಡಿದು ಹೊರಟರೆ ನಾಲ್ಕನೆಯ ಕಂಬದ ಹತ್ತಿರ ಕಪ್ಪು ಟೇಪಿನ ಒಂದು ಗಂಟು ಇತ್ತು. ಮೆಕ್ಕೆಜೋಳದ ಕಡ್ಡಿ ಹೇರಿದ ಟ್ರ್ಯಾಕ್ಟರ್ ತಾಗಿ ಹರಿದ ತಂತಿಗೆ ಯಾರೋ ಗೇಣುದ್ದ ತಾಮ್ರದ ತುಂಡು ಸೇರಿಸಿ, ಕೈಯಲ್ಲೇ ಹೊಸೆದು, ಟೇಪು ಸುತ್ತಿದ್ದರು. ಟೇಪಿನ ಅಂಚು ಕರಗಿ ಅಂಟಂಟಾಗಿತ್ತು. ಗಂಟಿನ ಎರಡೂ ಮಗ್ಗುಲಿಗೆ ಚೂಪು ಕಡ್ಡಿ ಚುಚ್ಚಿ ನೋಡಿದರೆ 4.9 ವೋಲ್ಟ್. ನೆಟ್ಟಗಿರುವ ಗೇಣುದ್ದದ ತಂತಿಯಲ್ಲಿ ಇಷ್ಟೇ ಕರೆಂಟಿಗೆ ಇರಬೇಕಾದದ್ದು ವೋಲ್ಟಿನ ನೂರನೇ ಒಂದೆರಡು ಭಾಗ. 4.9ನ್ನು 7.4ರಿಂದ ಗುಣಿಸಿದರೆ 36 ವ್ಯಾಟ್. ಮೊಬೈಲ್ ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ನಿನಷ್ಟು ಶಾಖ ಆ ಗಂಟಿನೊಳಗೆ, ಮೋಟಾರು ಓಡುವಷ್ಟು ಹೊತ್ತೂ. ಬಿಚ್ಚಿದಾಗ ಅಲ್ಯೂಮಿನಿಯಂ ಬೂದು ಪುಡಿಯಾಗಿ ಉದುರಿತು.

ತಾಮ್ರ ಮತ್ತು ಅಲ್ಯೂಮಿನಿಯಂ ನೇರವಾಗಿ ತಾಗಿದ ಕಡೆ ತೇವ ಬಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಅದರ ಮೇಲೆ ಗಾಳಿ ತಾಗಿದ ಕ್ಷಣವೇ ಕಟ್ಟುವ ಆಕ್ಸೈಡ್ ಪದರ ಕರೆಂಟಿಗೆ ಅಡ್ಡ. ಜೊತೆಗೆ ಅದು ಮೆತ್ತನೆಯ ಲೋಹ, ಒತ್ತಡದಲ್ಲಿ ನಿಧಾನಕ್ಕೆ ಜಾರಿ ಹಿಡಿತ ಸಡಿಲವಾಗುತ್ತದೆ. ಸಡಿಲವಾದರೆ ಬಿಸಿ, ಬಿಸಿಯಾದರೆ ಇನ್ನಷ್ಟು ಸಡಿಲ.

ಈ ಗಂಟು ಪೂರ್ತಿ ಬಿಟ್ಟುಕೊಂಡಿದ್ದರೆ ವಿಚಿತ್ರ ಕಾಣುತ್ತಿತ್ತು. ಮೋಟಾರಿನ ಸ್ವಿಚ್ ಹಾಕಿದಾಗ ಪ್ಯಾನೆಲ್ಲಿನ ಎರಡೂ ತಂತಿಗಳಲ್ಲಿ ಟೆಸ್ಟರ್ ಹೊತ್ತುತ್ತದೆ, ಎರಡರ ನಡುವೆ ಮೀಟರ್ ಇಟ್ಟರೆ ಸೊನ್ನೆಯ ಆಸುಪಾಸು. ಪೂರ್ತಿ 230 ಕಾಣುವುದು ಬಿಟ್ಟ ಗಂಟಿನ ಎರಡು ತುದಿಗಳ ನಡುವೆ. "ಎರಡೂ ಕಡೆ ಫೇಸ್ ಬಂದೈತೆ" ಎಂದು ಹಳ್ಳಿಗಳಲ್ಲಿ ಕೇಳಿಬರುವ ಮಾತಿನ ಹಿಂದೆ ಬಹುಪಾಲು ಇರುವುದು ಇದೇ.

ಸಂಜೆಯ ಲೆಕ್ಕ

ಸಂಜೆ ಏಳರ ಹೊತ್ತಿಗೆ ಬೋರ್ಡಿನಲ್ಲಿ ಮೋಟಾರು ಆಫ್ ಇದ್ದಾಗಲೇ 214. ಬಟನ್ ಒತ್ತಿದಾಗ, ಮೋಟಾರು ಗುಂಯ್‌ಗುಟ್ಟುವ ಎರಡು ಮೂರು ಸೆಕೆಂಡಿನಲ್ಲಿ, ಬೋರ್ಡಿನಲ್ಲಿ 206, ಪ್ಯಾನೆಲ್ಲಿನಲ್ಲಿ 141, ಕ್ಲ್ಯಾಂಪ್ ಮೀಟರಿನಲ್ಲಿ 20 ಆಂಪ್.

ನಿಂತ ಮೋಟಾರಿನ ರೀತಿಯೇ ಬೇರೆ. ಓಡುವಾಗ 7 ಆಂಪ್ ಎಳೆಯುವ ಇದು ಎದ್ದೇಳುವ ಕ್ಷಣದಲ್ಲಿ, ಪೂರ್ತಿ 220 ವೋಲ್ಟ್ ಸಿಕ್ಕರೆ, 30 ಆಂಪಿನಷ್ಟು ಎಳೆಯಬಲ್ಲದು. ಅಂದರೆ ಆ ಕ್ಷಣದ ಅದರ ಅಡ್ಡಿ 7 ಓಮಿನ ಸುತ್ತಮುತ್ತ. ತಂತಿ ಮತ್ತು ಗಂಟು ಸೇರಿ 4 ಓಮ್. ಓಡುವಾಗ ಮೋಟಾರಿನ 30 ಓಮಿನ ಮುಂದೆ ಸಣ್ಣದಾಗಿ ಕಂಡ 4 ಓಮ್ ಈಗ 7ರ ಪಕ್ಕದಲ್ಲಿ ನಿಂತು ದೊಡ್ಡ ಪಾಲು ಕೇಳುತ್ತದೆ. 20 ಆಂಪಿಗೆ ತಂತಿ ತಿನ್ನುವುದು 80 ವೋಲ್ಟಿಗೂ ಮೇಲೆ.

ಲೆಕ್ಕ ಬಲ್ಲವರು ಇಲ್ಲಿ ತಡೆಯುತ್ತಾರೆ: 141ಕ್ಕೆ 81 ಸೇರಿಸಿದರೆ 222, ಆದರೆ ಬೋರ್ಡಿನಲ್ಲಿ 206 ಮಾತ್ರ ಇತ್ತಲ್ಲ? ಇದು ಎಸಿ. ನಿಂತ ಮೋಟಾರಿನ ಸುರುಳಿಯಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ, ತಂತಿಯಲ್ಲಿ ಎರಡೂ ಜೊತೆಜೊತೆಗೆ ನಡೆಯುತ್ತವೆ. ಹೀಗೆ ಹೆಜ್ಜೆ ತಪ್ಪಿದ ಎರಡು ವೋಲ್ಟೇಜುಗಳನ್ನು ನೇರವಾಗಿ ಕೂಡಿಸಲಾಗದು. ಓಡುವಾಗ ಕೆಪಾಸಿಟರಿನ ದೆಸೆಯಿಂದ ಹೆಜ್ಜೆ ಹೆಚ್ಚೂಕಡಿಮೆ ಕೂಡಿರುತ್ತದೆ, ಹಾಗಾಗಿ 199 ಮತ್ತು 30 ಸೇರಿ 229 ಆಯಿತು. ಬ್ಯಾಟರಿಯ ಡಿಸಿ ಸರ್ಕೀಟಿನಲ್ಲಿ ಈ ರಗಳೆಯೇ ಇಲ್ಲ, ಯಾವಾಗಲೂ ಕೂಡಿಸಬಹುದು.

ಮೋಟಾರಿನ ಎಳೆತ, ಅಂದರೆ ತಿರುಗಿಸುವ ಬಲ (ಟಾರ್ಕ್), ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 141ನ್ನು 220ರಿಂದ ಭಾಗಿಸಿ ವರ್ಗ ಮಾಡಿದರೆ 0.41. ವೋಲ್ಟೇಜು ಮೂರನೇ ಒಂದು ಭಾಗ ಕಡಿಮೆಯಾದರೆ ಎಳೆತ ಅರ್ಧಕ್ಕಿಂತ ಕೆಳಗೆ. ಅಷ್ಟರಲ್ಲಿ ನೀರು ತಳ್ಳುವ ಇಂಪೆಲ್ಲರ್ ಏಳಲಿಲ್ಲ. ಏಳದ ಮೋಟಾರಿನಲ್ಲಿ 20 ಆಂಪು ಹರಿಯುತ್ತಲೇ ಇರುತ್ತದೆ. 7ಕ್ಕಿಂತ 20 ಮೂರು ಪಟ್ಟಿನ ಹತ್ತಿರ, ಸುರುಳಿಯ ಶಾಖ ಎಂಟು ಪಟ್ಟು. ವೈಂಡಿಂಗ್ ಸುಟ್ಟದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಒಂದು ಉಪಕಾರವನ್ನೂ ಯಾರೋ ಮಾಡಿದ್ದರು: ಪದೇ ಪದೇ ಟ್ರಿಪ್ ಆಗುತ್ತದೆ ಎಂದು ಓವರ್‌ಲೋಡಿನ ತಿರುಪನ್ನು 12 ಆಂಪಿಗೆ ಏರಿಸಿದ್ದರು.

ಕೆಪಾಸಿಟರ್ ಬದಲಿಸಿದಾಗಲೆಲ್ಲ "ಸರಿಹೋಯ್ತು" ಅನ್ನಿಸಿದ್ದೇಕೆ? ವೈರ್‌ಮನ್ ಬರುತ್ತಿದ್ದದ್ದು ಬೆಳಿಗ್ಗೆ. ಬೆಳಗಿನ ವೋಲ್ಟೇಜಿಗೆ ಹಳೆಯ ಕೆಪಾಸಿಟರಿನಲ್ಲೂ ಅದು ಏಳುತ್ತಿತ್ತು. ತೆಗೆದಿಟ್ಟಿದ್ದ ಹಳೆಯದನ್ನು ಡಿಸ್ಚಾರ್ಜ್ ಮಾಡಿ ಅಳೆದರೆ ಮೈಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್ ತೋರಿಸಿತು.

ಏನು ಮಾಡಲಾಯಿತು, ಏನು ಬೇಡವೆನ್ನಲಾಯಿತು

ಮೊದಲು ಆ ಗಂಟನ್ನು ಕತ್ತರಿಸಿ, ಬೆಳ್ಳಗೆ ಹೊಳೆಯುವವರೆಗೆ ತಂತಿ ಉಜ್ಜಿ, ಜಾಯಿಂಟ್ ಗ್ರೀಸ್ ಹಚ್ಚಿ, ಅಲ್ಯೂಮಿನಿಯಂ ಸ್ಲೀವ್ ಹಾಕಿ ಕ್ರಿಂಪ್ ಮಾಡಿ ನೋಡಲಾಯಿತು. ಬೆಳಿಗ್ಗೆ 5 ವೋಲ್ಟ್ ಮರಳಿತು. ಸಂಜೆ ಮಾತ್ರ ಏಳುವಾಗಿನ ವೋಲ್ಟೇಜು 141ರಿಂದ 149ಕ್ಕೆ ಏರಿತಷ್ಟೇ, ಎಳೆತ 0.46. ಮೋಟಾರು ಒಮ್ಮೆ ಎದ್ದಿತು, ಒಮ್ಮೆ ಏಳಲಿಲ್ಲ. ಗಂಟು ಬೆಂಕಿಯ ಅಪಾಯವಾಗಿತ್ತು, ನಿಜ. ಆದರೆ ಮೂಲ ರೋಗ ತಂತಿಯ ದಪ್ಪ.

ಇಲ್ಲಿಯೇ ಸ್ಟೆಬಿಲೈಸರ್ ಮಾತು ಮತ್ತೆ ಬಂತು. ಕೊಟ್ಟಿಗೆಯಲ್ಲಿ ಸ್ಟೆಬಿಲೈಸರ್ ಇಟ್ಟು ಅಲ್ಲಿಗೆ ತಲುಪುವ ಕಡಿಮೆ ವೋಲ್ಟೇಜನ್ನು 220 ಮಾಡಬೇಕೆಂದರೆ ಅದು ತಂತಿಯಿಂದ ಇನ್ನೂ ಹೆಚ್ಚು ಆಂಪು ಎಳೆಯಬೇಕು. ಹೆಚ್ಚು ಆಂಪಿಗೆ ತಂತಿ ಇನ್ನಷ್ಟು ವೋಲ್ಟು ತಿನ್ನುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಂತೂ ಅದು ಮೋಟಾರಿಗಿಂತ ಮೊದಲು ತಾನೇ ಕೈಚೆಲ್ಲುತ್ತದೆ. ದೂರದ ತಂತಿಯ ನಷ್ಟಕ್ಕೆ ತುದಿಯಲ್ಲಿ ಮದ್ದಿಲ್ಲ.

ಇನ್ನೊಂದು ಸಲಹೆ ಇದಕ್ಕಿಂತ ಕೆಟ್ಟದ್ದು: "ನ್ಯೂಟ್ರಲ್ ವೀಕ್ ಐತೆ, ಅರ್ಥಿಂಗಿಗೆ ಕೊಟ್ಟು ಓಡಿಸ್ರಿ." ಇದನ್ನು ಅಂಕಿಯಲ್ಲೇ ನೋಡಬೇಕು. ಒಣ ಮಣ್ಣಿನಲ್ಲಿ ಹೂತ ಪೈಪು 40 ಓಮ್ ಎಂದು ಹಿಡಿಯೋಣ. ನಿಂತ ಮೋಟಾರು 7 ಓಮ್. ಒಂದರ ಹಿಂದೊಂದು ಇರುವ ಇವೆರಡರಲ್ಲಿ ದೊಡ್ಡ ಪಾಲು ದೊಡ್ಡ ಓಮಿಗೆ: ಪೈಪಿನ ಮೇಲೆ 200 ವೋಲ್ಟ್, ಮೋಟಾರಿಗೆ 35. ಮೋಟಾರು ಏಳುವುದಿಲ್ಲ, ಪೈಪು ಮತ್ತು ಅದಕ್ಕೆ ಕಟ್ಟಿದ ಪ್ಯಾನೆಲ್ ಡಬ್ಬಿ, ಕಬ್ಬಿಣದ ಬಾನಿ, ಮೋಟಾರಿನ ಮೈ ಎಲ್ಲವೂ ಜೀವಂತ. ಪೈಪಿನ ಸುತ್ತ ನೆಲದಲ್ಲೂ ವೋಲ್ಟೇಜು ಹಂಚಿಕೊಂಡು ನಿಲ್ಲುತ್ತದೆ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಒಂದೂವರೆ ಮೀಟರ್ ಅಂತರವಿರುವ ಹಸು, ಒದ್ದೆ ನೆಲದಲ್ಲಿ ನಿಂತು, ಮನುಷ್ಯನಿಗಿಂತ ಮೊದಲು ಬಲಿಯಾಗುತ್ತದೆ. ಬೋರ್ಡಿನಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಕಡಿಯುವ ಸ್ವಿಚ್) ಇದ್ದರೆ ಇಂಥ ಜೋಡಣೆಗೆ ತಕ್ಷಣ ಬೀಳುತ್ತದೆ. ಬೀಳುತ್ತದೆಂದು ಅದನ್ನೇ ಕಿತ್ತುಹಾಕುವವರಿದ್ದಾರೆ. ಈ ಮನೆಯಲ್ಲಿ ಅದು ಇರಲೇ ಇಲ್ಲ, ಈಗ ಹಾಕಲಾಗಿದೆ.

ತಂತಿಯ ಆಯ್ಕೆಗೆ ಲೆಕ್ಕ ಹೀಗೆ ಹಾಕಲಾಯಿತು. ಓಡುವಾಗ ದಾರಿಯ ನಷ್ಟ 230ರ ಶೇ. 3, ಅಂದರೆ 7 ವೋಲ್ಟಿನೊಳಗೆ ಇರಬೇಕು. 7 ಆಂಪಿಗೆ 7 ವೋಲ್ಟ್ ಅಂದರೆ ಹೋಗಿಬರುವ ದಾರಿ 1 ಓಮ್ ಮೀರಬಾರದು. 4 ಚದರ ಮಿಲಿಮೀಟರ್ ತಾಮ್ರ ಕಿಲೋಮೀಟರಿಗೆ 4.61 ಓಮ್, 280 ಮೀಟರಿಗೆ 1.29, ಸಾಲದು. 6ರ ತಾಮ್ರ 3.08, ಇಲ್ಲಿಗೆ 0.86, ಸಾಕು. 10ರ ಅಲ್ಯೂಮಿನಿಯಂ ಕೂಡ ಅದೇ 3.08, ಬೆಲೆಯಲ್ಲಿ ತಾಮ್ರಕ್ಕಿಂತ ಬಹಳ ಅಗ್ಗ. 10ರ ಅಲ್ಯೂಮಿನಿಯಂ ಕೇಬಲ್ಲೇ ಆಯಿತು. ಎರಡೂ ತುದಿಗೆ ಅಲ್ಯೂಮಿನಿಯಂ ಮತ್ತು ತಾಮ್ರವನ್ನು ಸೇರಿಸುವ ಬೈಮೆಟಲ್ ಲಗ್ಗು, ನಡುವೆ ಒಂದೂ ಜಾಯಿಂಟ್ ಇಲ್ಲ. ಬೇಸಿಗೆಯ ಬಿಸಿಲಿನಲ್ಲಿ ತಂತಿ 45 ಡಿಗ್ರಿಗೆ ಕಾದರೆ ಓಮು ಶೇ. 10ರಷ್ಟು ಏರುತ್ತದೆ, ಆಗಲೂ 1ರೊಳಗೇ ಇರುತ್ತದೆ. ತಂತಿ ಕೊಳ್ಳುವಾಗ ಡಬ್ಬದ ಮೇಲಿನ ಬರಹವನ್ನಷ್ಟೇ ನಂಬದೆ ಐಎಸ್‌ಐ ಗುರುತು ನೋಡಬೇಕು. ಹಳೆಯ ಒಂಟಿ ಎಳೆಯ ತಂತಿಯಾದರೆ ವರ್ನಿಯರ್ ಹಿಡಿದೇ ತಿಳಿಯಬಹುದು: 2.5 ಎಂದರೆ ವ್ಯಾಸ 1.78 ಮಿಲಿಮೀಟರಿನ ಆಸುಪಾಸು ಇರಬೇಕು.

32 ಆಂಪಿನ ಎಂಸಿಬಿ ತೆಗೆದು ಮೋಟಾರು ಏಳುವ ಕ್ಷಣದ ಆಂಪಿಗೆ ಬೀಳದ ಸಿ ಕರ್ವಿನ 16 ಆಂಪಿನದು ಹಾಕಲಾಯಿತು. 2.5ರ ಅಲ್ಯೂಮಿನಿಯಂ ತಂತಿಗೆ 32 ಆಂಪ್ ಕಾವಲು ಎಂದರೆ ಎಂಸಿಬಿ ಬೀಳುವ ಮುನ್ನ ತಂತಿಯೇ ಸುಡುತ್ತಿತ್ತು. ಓವರ್‌ಲೋಡನ್ನು 8.5ಕ್ಕೆ ಇಳಿಸಲಾಯಿತು.

ಹೊಸ ಕೇಬಲ್ಲಿನ ಅಂಕಿಗಳು: ಬೆಳಿಗ್ಗೆ ಓಡುವಾಗ ಬೋರ್ಡ್ 229, ಪ್ಯಾನೆಲ್ 223, 7 ಆಂಪ್. ಸಂಜೆ ಓಡುವಾಗ 210ಕ್ಕೆ 203. ಸಂಜೆ ಏಳುವ ಕ್ಷಣದಲ್ಲಿ ಬೋರ್ಡ್ 203, ಪ್ಯಾನೆಲ್ 186, ಸುಮಾರು 27 ಆಂಪ್, ಅದೂ ಸೆಕೆಂಡಿನೊಳಗೆ ಇಳಿದುಹೋಗುತ್ತದೆ. ಎಳೆತ 0.41ರಿಂದ 0.71ಕ್ಕೆ. ಆಂಪು ಮೊದಲಿಗಿಂತ ಜಾಸ್ತಿಯಾಯಿತಲ್ಲ ಎಂದು ಮನೆಯವರು ಗಾಬರಿಯಾದದ್ದುಂಟು. ಮೋಟಾರಿಗೆ ಬೇಕಿದ್ದದ್ದು ಈಗ ಸಿಗುತ್ತಿದೆ, ಅಷ್ಟೇ. ಓಡುವಾಗಿನ ಆಂಪು ಕಡಿಮೆಯೇ ಆಗಿದೆ. ಹಿಂದೆ ತಂತಿ ಸುಮ್ಮನೆ 220 ವ್ಯಾಟ್ ಸುಡುತ್ತಿತ್ತು, ಈಗ 42. ದಿನಕ್ಕೆ ಮೂರು ಗಂಟೆ ಓಡಿಸಿದರೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ.

ಸಂಜೆಯ 214 ಮಾತ್ರ ಮನೆಯವರ ಕೈಯಲ್ಲಿ ಇಲ್ಲ. ಬೆಸ್ಕಾಂ ಕೊಡಬೇಕಾದದ್ದು 230ಕ್ಕೆ ಶೇ. 6 ಹೆಚ್ಚುಕಡಿಮೆ, ಎಂದರೆ 216ರಿಂದ 244. ಮೀಟರಿನ ಬಳಿ, ಮನೆಯ ಲೋಡೆಲ್ಲ ಆಫ್ ಮಾಡಿ, ಒಂದು ವಾರ ಸಂಜೆ ಆರು, ಏಳು, ಎಂಟಕ್ಕೆ ಅಳೆದು ತಾರೀಕು ಸಹಿತ ಬರೆದಿಟ್ಟು, ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ದಾಖಲಿಸಿ ನಂಬರ್ ಪಡೆದುಕೊಳ್ಳಲು ಹೇಳಲಾಗಿದೆ. ಅದೇ ಟ್ರಾನ್ಸ್‌ಫಾರ್ಮರಿನ ಕೊನೆಯ ಕಂಬದ ಇನ್ನೆರಡು ಮನೆಗಳ ಅಂಕಿಯೂ ಜೊತೆಗಿದ್ದರೆ, ತೊಂದರೆ ಸರ್ವಿಸ್ ತಂತಿಯದೋ ಲೈನಿನದೋ ಎಂದು ಲೈನ್‌ಮನ್‌ಗೆ ಕಂಬ ಹತ್ತುವ ಮೊದಲೇ ಗೊತ್ತಾಗುತ್ತದೆ.